ಹೆಬ್ಬೆಟ್ಟು, ನಿರಕ್ಷರಕುಕ್ಷಿ, ಅನಕ್ಷರಸ್ಥ: ಕನ್ನಡ ನಿಘಂಟುಗಳಿಗೆ ಒಂದು ಪರೀಕ್ಷೆ

ನಿಘಂಟು ಹುಡುಕುವವರು ಮೊದಲು ಕೇಳುವುದು ಅದರಲ್ಲಿ ಎಷ್ಟು ಪದಗಳಿವೆ ಎಂದು. ಆ ಲೆಕ್ಕದಿಂದ ನಿಘಂಟಿನ ಯೋಗ್ಯತೆ ಗೊತ್ತಾಗುವುದಿಲ್ಲ. ಸರಿಸುಮಾರು ಒಂದೇ ಅರ್ಥದ, ಆದರೆ ಬೇರೆ ಬೇರೆ ಕಡೆಯಿಂದ ಬಂದ ನಾಲ್ಕಾರು ಪದಗಳನ್ನು ಹಿಡಿದುಕೊಂಡು ಒಂದೊಂದನ್ನೂ ತೆಗೆದು ನೋಡಿದರೆ ಯಾವ ನಿಘಂಟು ಎಲ್ಲಿ ಗಟ್ಟಿ, ಎಲ್ಲಿ ಪೊಳ್ಳು ಎಂಬುದು ಅರ್ಧ ಗಂಟೆಯಲ್ಲಿ ತಿಳಿಯುತ್ತದೆ.

‘ಓದುಬರಹ ಬಾರದವರು’ ಎಂಬ ಅರ್ಥದ ಪದಗಳು ಈ ಪರೀಕ್ಷೆಗೆ ಹೇಳಿ ಮಾಡಿಸಿದಂತಿವೆ. ಅನಕ್ಷರಸ್ಥ ಎಂಬುದು ಸಂಸ್ಕೃತದ ಸಾಮಾನಿನಿಂದ ಕಟ್ಟಿದ್ದು, ಸರಕಾರಿ ಕಾಗದದ ಪದ. ನಿರಕ್ಷರಕುಕ್ಷಿ ಕೂಡ ಸಂಸ್ಕೃತದ್ದೇ, ಆದರೆ ಬೈಗುಳ. ಹೆಬ್ಬೆಟ್ಟು ಅಚ್ಚಗನ್ನಡ, ಅದೂ ಬೈಗುಳವೇ. ‘ಓದದವನು’ ಎನ್ನುವುದರಲ್ಲಿರುವ ಓದು ದ್ರಾವಿಡ ಧಾತು. ಸಹಿಯ ಬದಲು ಹಾಕುವ ಗುರುತಾದ ನಿಶಾನಿ ಪಾರಸಿಯಿಂದ ಬಂದದ್ದು. ಇವಿಷ್ಟನ್ನೂ ಒಂದೇ ಕಡೆ ಸರಿಯಾಗಿ ಬಿಡಿಸಿಕೊಡುವ ನಿಘಂಟು ಕನ್ನಡದಲ್ಲಿ ಇಲ್ಲ. ಅರ್ಥ ಬೇಕಿದ್ದರೆ ಅಲರ್ ಸಾಕು. ಹುಟ್ಟು ಬೇಕಿದ್ದರೆ ಕಿಟೆಲ್ ಮತ್ತು ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು ಎರಡೂ ಬೇಕು, ಜೊತೆಗೆ ಷಿಕಾಗೊ ವಿಶ್ವವಿದ್ಯಾಲಯದ ಜಾಲತಾಣ ತೆರೆದಿರಬೇಕು. ಆ ಪದವನ್ನು ಯಾರೆದುರು ಆಡಬಹುದು, ಯಾರೆದುರು ಆಡಬಾರದು ಎಂಬುದಕ್ಕೆ ಯಾವುದನ್ನೂ ಪೂರ್ತಿ ನಂಬುವಂತಿಲ್ಲ.

ಅಲರ್

ವಿ. ಕೃಷ್ಣ ಅವರು ನಾಲ್ಕು ದಶಕ ಒಬ್ಬರೇ ಕೂತು ಕಟ್ಟಿದ ಕನ್ನಡ–ಇಂಗ್ಲಿಷ್ ನಿಘಂಟು ಇದು. 2019ರಲ್ಲಿ ಜಾಲತಾಣವಾಗಿ ಹೊರಬಂತು. ಒಂದೂವರೆ ಲಕ್ಷಕ್ಕೂ ಹೆಚ್ಚು ಕನ್ನಡ ಪದಗಳು, 2,40,000ದಷ್ಟು ಇಂಗ್ಲಿಷ್ ಅರ್ಥವಿವರಣೆಗಳು. ಹಣ ಕೊಡಬೇಕಿಲ್ಲ, ಹೆಸರು ನೋಂದಾಯಿಸಬೇಕಿಲ್ಲ, ಜಾಹೀರಾತಿನ ಕಾಟವಿಲ್ಲ. ಪುಟ ಹಗುರವಾಗಿರುವುದರಿಂದ ಹಳೆಯ ಫೋನಿನಲ್ಲೂ ಥಟ್ಟನೆ ತೆರೆದುಕೊಳ್ಳುತ್ತದೆ.

ಇದರ ದೊಡ್ಡ ಗುಣ ಹುಡುಕಾಟದ್ದು. ಕನ್ನಡ ಕೀಲಿಮಣೆ ಇಲ್ಲದಿದ್ದರೆ ಇಂಗ್ಲಿಷ್ ಅಕ್ಷರಗಳಲ್ಲೇ ಪದ ಬರೆಯಬಹುದು. ಒಳಗೆ ಕೆಲಸ ಮಾಡುವುದು ಕನ್ನಡದ ಉಚ್ಚಾರಣೆಗಾಗಿಯೇ ಬರೆದ ‘ಕೆಎನ್‌ಫೋನ್’ ಎಂಬ ತಂತ್ರ. ಪದದ ಕಾಗುಣಿತಕ್ಕಿಂತ ಅದರ ಸದ್ದನ್ನು ಸಂಕೇತವಾಗಿಸಿ ಹೋಲಿಸುವುದು ಅದರ ರೀತಿ. ಹಾಗಾಗಿ ಅಲ್ಪಪ್ರಾಣ–ಮಹಾಪ್ರಾಣ ಅದಲುಬದಲಾದರೂ ಹತ್ತಿರದ ಪದ ಸಿಗುವ ಸಾಧ್ಯತೆ ಹೆಚ್ಚು. ನಮ್ಮ ಪರೀಕ್ಷೆಯ ಮೊದಲ ಪದಕ್ಕೆ ಇದು ಬಹಳ ಬೇಕಾದ ಅನುಕೂಲ, ಏಕೆಂದರೆ ‘ಅನಕ್ಷರಸ್ತ’ ಎಂದು ತಪ್ಪಾಗಿ ಬರೆಯುವವರು ಅಕ್ಷರಸ್ಥರಲ್ಲೇ ಬೇಕಾದಷ್ಟಿದ್ದಾರೆ.

ಆ ತಪ್ಪು ಯಾಕೆ ತಪ್ಪು ಎಂಬುದು ತಿಳಿದರೆ ಪದದ ಅರ್ಧ ಹುಟ್ಟು ತಿಳಿದಂತೆ. ಅನ್ + ಅಕ್ಷರ + ಸ್ಥ. ನಿಷೇಧದ ‘ಅ’ ಸ್ವರದ ಮುಂದೆ ಬಂದಾಗ ‘ಅನ್’ ಆಗುತ್ತದೆ, ಅನಾರೋಗ್ಯ, ಅನುಚಿತಗಳಲ್ಲಿ ಆಗುವ ಹಾಗೆ. ಕೊನೆಯ ‘ಸ್ಥ’ ನಿಲ್ಲು, ಇರು ಎಂಬ ಅರ್ಥದ ‘ಸ್ಥಾ’ ಧಾತುವಿನದು: ಗೃಹಸ್ಥ, ಗ್ರಾಮಸ್ಥ, ತಟಸ್ಥ, ಮಧ್ಯಸ್ಥ. ಅಕ್ಷರಸ್ಥ ಎಂದರೆ ಅಕ್ಷರದಲ್ಲಿ ನೆಲೆ ನಿಂತವನು. ರೋಗಗ್ರಸ್ತದ ‘ಸ್ತ’ ಬೇರೆ, ಅದು ‘ಗ್ರಸ್’ ಎಂಬ ನುಂಗುವ ಧಾತುವಿನ ಭೂತರೂಪ. ಎರಡನ್ನೂ ಕಲಸಬಾರದು.

ಇಷ್ಟೆಲ್ಲ ಅಲರ್ ಹೇಳುವುದಿಲ್ಲ. ಪದದ ವ್ಯಾಕರಣ ವರ್ಗ, ಅದರ ಕೆಳಗೆ ಇಂಗ್ಲಿಷ್ ಅರ್ಥಗಳು, ಅಷ್ಟೇ ಅದರ ಹರವು. ವ್ಯುತ್ಪತ್ತಿ ಕೊಡುವುದು ಅದರ ಕೆಲಸವಲ್ಲ, ಹಾಗೆಂದು ಅದು ಎಲ್ಲೂ ಹೇಳಿಕೊಂಡೂ ಇಲ್ಲ. ಮಗು ಕೇಳಿದ ಪದಕ್ಕೆ ಕನ್ನಡದಲ್ಲೇ ಅರ್ಥ ಹೇಳಬೇಕಾದ ಮೇಷ್ಟರಿಗೆ ಇಂಗ್ಲಿಷ್ ವಿವರಣೆ ಸುತ್ತುದಾರಿಯಾಗುತ್ತದೆ. ಹೊರನಾಡಿನಲ್ಲಿ ಬೆಳೆದ ಮಕ್ಕಳಿಗಂತೂ ಅದೇ ನೇರ ದಾರಿ.

ಬಳಸುವಾಗ ಒಂದು ಎಚ್ಚರ. ಪತ್ರಿಕೆಯಲ್ಲಿ ಕಂಡ ‘ಅನಕ್ಷರಸ್ಥರಿಗೂ’ ಎಂಬುದನ್ನು ಹಾಗೇ ತುಂಬಿದರೆ ಫಲವಿಲ್ಲ. ಮೊದಲು ‘ಊ’, ಆಮೇಲೆ ‘ಇಗೆ’, ಆಮೇಲೆ ‘ರ್’, ಹೀಗೆ ಬಾಲದಿಂದ ಕಳಚುತ್ತ ಹೋಗಿ ‘ಅನಕ್ಷರಸ್ಥ’ ಎಂಬ ಪ್ರಕೃತಿರೂಪಕ್ಕೆ ಬರಬೇಕು. ಕ್ರಿಯಾಪದವಾದರೆ ‘ಓದಲಾರದ’ ಎಂಬುದನ್ನು ‘ಓದು’ ಎಂಬಲ್ಲಿಗೆ ತರಬೇಕು. ಕನ್ನಡ ಕಲಿಯುತ್ತಿರುವವರು ಸೋಲುವುದು ಇಲ್ಲೇ. ‘ಈ ಪದ ನಿಘಂಟಿನಲ್ಲಿಲ್ಲ’ ಎಂಬ ದೂರುಗಳಲ್ಲಿ ಬಹುಪಾಲು ಪ್ರತ್ಯಯ ಕಳಚದೆ ಹುಡುಕಿದವರದು.

ಸಂಸ್ಕೃತದ ಕೊನೆ ಹಿಡಿಯಲು: ಕೊಲೋನ್

ಜರ್ಮನಿಯ ಕೊಲೋನ್ ವಿಶ್ವವಿದ್ಯಾಲಯದ ಸಂಸ್ಕೃತ ನಿಘಂಟುಗಳ ತಾಣದಲ್ಲಿ 1899ರ ಮೋನಿಯರ್ ವಿಲಿಯಮ್ಸ್ ಸೇರಿದಂತೆ ಹಲವು ಕೋಶಗಳು ಉಚಿತವಾಗಿ ಸಿಗುತ್ತವೆ. ಕೈಕೊಡುವುದು ಲಿಪ್ಯಂತರದ ಆಯ್ಕೆ. ಹಾರ್ವರ್ಡ್–ಕ್ಯೋಟೊ ಪದ್ಧತಿ ಆರಿಸಿದ್ದರೆ ‘ಕ್ಷ’ ಬರೆಯಲು ಚಿಕ್ಕ ಕೆ ಮುಂದೆ ದೊಡ್ಡ ಎಸ್ ಹಾಕಬೇಕು. ಎಸ್‌ಎಲ್‌ಪಿ1 ಆರಿಸಿದ್ದರೆ ಕೆ ಮುಂದೆ ಜ಼ೆಡ್. ಒಂದನ್ನು ಆರಿಸಿ ಇನ್ನೊಂದರಂತೆ ಬರೆದರೆ ‘ಅಕ್ಷರ’ದಂಥ ಪದವೂ ಸಿಗುವುದಿಲ್ಲ. ದೇವನಾಗರಿಯಲ್ಲಿ ಬರೆಯಬಲ್ಲವರು ಅದನ್ನೇ ಆರಿಸಿಕೊಂಡರೆ ಈ ರಗಳೆ ತಪ್ಪುತ್ತದೆ.

ಇಲ್ಲಿ ಸಿಗುವ ಸಾಮಾನು ಬಹಳ. ಅಕ್ಷರ ಎಂದರೆ ಕ್ಷರವಲ್ಲದ್ದು, ಸೋರಿಹೋಗದ್ದು, ನಾಶವಾಗದ್ದು. ‘ಕ್ಷರ್’ ಧಾತುವಿಗೆ ಹರಿಯುವ, ಸುರಿಯುವ ಅರ್ಥವಿದೆ. ಪತಂಜಲಿಯ ಮಹಾಭಾಷ್ಯದಲ್ಲಿ ಈ ಪದಕ್ಕೆ ಎರಡು ವ್ಯುತ್ಪತ್ತಿಗಳು ಬರುತ್ತವೆ: ‘ಅಕ್ಷರಂ ನ ಕ್ಷರಂ ವಿದ್ಯಾತ್, ಅಶ್ನೋತೇರ್ವಾ ಸರೋಽಕ್ಷರಮ್’. ಕ್ಷಯಿಸದ್ದು ಎಂಬುದು ಒಂದು, ವ್ಯಾಪಿಸು ಎಂಬ ಅರ್ಥದ ‘ಅಶ್’ ಧಾತುವಿಗೆ ‘ಸರ’ ಪ್ರತ್ಯಯ ಹತ್ತಿದೆ ಎಂಬುದು ಇನ್ನೊಂದು. ಎರಡರಲ್ಲೂ ಬರವಣಿಗೆಯ ಸುಳಿವೇ ಇಲ್ಲ. ಅಕ್ಷರ ಮೊದಲಿಗೆ ಬಾಯಿಂದ ಹೊರಡುವ ಧ್ವನಿಯ ಘಟಕ. ಕಾಗದದ ಮೇಲಿನ ಗುರುತಾದದ್ದು ಆಮೇಲೆ.

ಇದನ್ನು ಗಮನಿಸದಿದ್ದರೆ ‘ಅನಕ್ಷರ’ ಎಂಬಲ್ಲಿ ಎಡವುತ್ತೀರಿ. ಅಮರಕೋಶ ‘ಅನಕ್ಷರಮವಾಚ್ಯಂ ಸ್ಯಾತ್’ ಎನ್ನುತ್ತದೆ. ಅಂದರೆ ಅನಕ್ಷರವೆಂದರೆ ಆಡಬಾರದ ಮಾತು. ಓದು ಬಾರದ ಮನುಷ್ಯನಿಗೂ ಅದಕ್ಕೂ ಸಂಬಂಧವಿಲ್ಲ. ನಮ್ಮ ‘ಅನಕ್ಷರಸ್ಥ’ನನ್ನು ನೇರವಾಗಿ ಆ ‘ಅನಕ್ಷರ’ಕ್ಕೆ ಕಟ್ಟಿಹಾಕಿದರೆ ವ್ಯುತ್ಪತ್ತಿ ಅಡ್ಡದಾರಿ ಹಿಡಿದಂತೆ. ‘ಅಕ್ಷರಸ್ಥ’ ಎಂಬ ಇಡೀ ಪದಕ್ಕೆ ನಿಷೇಧ ಹತ್ತಿದೆ ಎಂದು ಬಿಡಿಸಬೇಕು. ಸಂಸ್ಕೃತದಲ್ಲಿ ಅಕ್ಷರಜ್ಞಾನ ಇಲ್ಲದವನಿಗೆ ‘ನಿರಕ್ಷರ’ ಎಂಬ ಪದವಿದೆ, ಮೋನಿಯರ್ ವಿಲಿಯಮ್ಸ್ ಅದನ್ನು ಕೊಡುತ್ತಾರೆ. ಕನ್ನಡದ ನಿರಕ್ಷರಿ, ನಿರಕ್ಷರಕುಕ್ಷಿ ಎರಡಕ್ಕೂ ಅದೇ ಬೇರು.

ನಿರಕ್ಷರಕುಕ್ಷಿಯನ್ನು ಬಿಡಿಸುವುದು ಸುಲಭ. ಕುಕ್ಷಿ ಎಂದರೆ ಹೊಟ್ಟೆ. ಅಕ್ಷರವಿಲ್ಲದ ಹೊಟ್ಟೆ ಯಾರದೋ ಅವನು, ಬಹುವ್ರೀಹಿ ಸಮಾಸ. ವಿದ್ಯೆಗೂ ಹೊಟ್ಟೆಗೂ ಎಲ್ಲಿಯ ನಂಟು ಎಂದು ಕೇಳುವವರು ತೆಲುಗರ ಮಾತು ಕೇಳಬೇಕು: ಹೊಟ್ಟೆ ಕೊಯ್ದರೂ ಅಕ್ಷರದ ತುಂಡು ಇಲ್ಲ ಎಂದು ಅವರು ಇವತ್ತಿಗೂ ಬೈಯುತ್ತಾರೆ. ನಾವು ಅದನ್ನು ಸ್ವಲ್ಪ ಮೇಲಕ್ಕೆ ಸರಿಸಿ ‘ಎದೆ ಸೀಳಿದರೆ ಎರಡಕ್ಷರ ಇಲ್ಲ’ ಎನ್ನುತ್ತೇವೆ. ತೆಲುಗಿನವರ ಸರಕಾರಿ ಪದ ಇನ್ನೂ ಸ್ವಾರಸ್ಯದ್ದು: ಅಕ್ಷರಾಸ್ಯುಡು, ನಿರಕ್ಷರಾಸ್ಯುಡು. ಆಸ್ಯ ಎಂದರೆ ಬಾಯಿ. ಅಕ್ಷರ ಅವರಿಗೆ ಬಾಯಲ್ಲಿರಬೇಕು. ನಿರಕ್ಷರಕುಕ್ಷಿ ತೆಲುಗು, ಮಲಯಾಳಗಳಲ್ಲೂ ಇದೆ, ಹಾಗಾಗಿ ಇದು ಕನ್ನಡದ್ದೇ ಟಂಕಸಾಲೆಯ ನಾಣ್ಯ ಎಂದು ಯಾರಾದರೂ ಬರೆದಿದ್ದರೆ ನಂಬಬೇಡಿ.

‘ಸಾಕ್ಷರ’ದ ವಿಷಯದಲ್ಲಿ ಸಂಸ್ಕೃತದವರೇ ಒಂದು ಕುಚೋದ್ಯ ಮಾಡಿದ್ದಾರೆ. ‘ಸಾಕ್ಷರಾ’ ಎಂಬುದನ್ನು ತಿರುಗಿಸಿ ಓದಿದರೆ ‘ರಾಕ್ಷಸಾ’ ಆಗುತ್ತದೆ, ‘ಸರಸ’ವನ್ನು ತಿರುಗಿಸಿದರೂ ಸರಸವೇ ಉಳಿಯುತ್ತದೆ ಎಂಬ ಸುಭಾಷಿತ ಅದು. ಸಾಕ್ಷರತಾ ಆಂದೋಲನದ ವೇದಿಕೆಯಲ್ಲಿ ಇದನ್ನು ಹೇಳುವ ಧೈರ್ಯ ಬೇಕು.

ಕಿಟೆಲ್

ಫರ್ಡಿನಂಡ್ ಕಿಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣದಲ್ಲಿ 1894ರಲ್ಲಿ ಬಂತು. ಸುಮಾರು 70,000 ಪದಗಳು. ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿ ಹಿಗ್ಗಿಸಿದ ಆವೃತ್ತಿಯನ್ನು ಮದ್ರಾಸು ವಿಶ್ವವಿದ್ಯಾಲಯ 1968ರಿಂದ 1971ರ ಅವಧಿಯಲ್ಲಿ 4 ಸಂಪುಟಗಳಲ್ಲಿ ಹೊರತಂದಿತು. ಮೂಲ ಆವೃತ್ತಿಯ ಛಾಯಾಪ್ರತಿ ಇಂಟರ್ನೆಟ್ ಆರ್ಕೈವ್‌ನಲ್ಲಿ ಉಚಿತ.

ಅಚ್ಚಗನ್ನಡ ಪದದ ಮೂಲಕ್ಕೆ ಇವತ್ತಿಗೂ ಮೊದಲು ಕೈಹಾಕಬೇಕಾದದ್ದು ಇದಕ್ಕೇ. ಪದದ ಹಳೆಯ ರೂಪ, ತಮಿಳು–ತೆಲುಗು–ತುಳು–ಮಲಯಾಳದ ನೆಂಟರು, ತದ್ಭವವಾದರೆ ಅದರ ಸೂಚನೆ, ಹಿಂದುಸ್ತಾನಿ ಅಥವಾ ಮರಾಠಿಯಿಂದ ಬಂದಿದ್ದರೆ ಅದರ ಗುರುತು, ಎಷ್ಟೋ ಕಡೆ ಗಾದೆ, ಎಲ್ಲವೂ ಒಂದೇ ಕಡೆ. ಮುನ್ನುಡಿಯಲ್ಲಿ ದ್ರಾವಿಡದಿಂದ ಸಂಸ್ಕೃತಕ್ಕೆ ಹೋಗಿರಬಹುದಾದ ನಾನೂರಕ್ಕೂ ಹೆಚ್ಚು ಪದಗಳ ಪಟ್ಟಿಯನ್ನೂ ಕೊಟ್ಟಿದ್ದಾರೆ. ಆ ಕಾಲಕ್ಕೆ ಅದು ಎದೆಗಾರಿಕೆಯ ಕೆಲಸ.

ಛಾಯಾಪ್ರತಿಯಲ್ಲಿ ಹುಡುಕು ಪೆಟ್ಟಿಗೆಯ ಸಹವಾಸ ಬೇಡ. ಹಳೆಯ ಕನ್ನಡ ಅಚ್ಚನ್ನು ಯಂತ್ರ ಓದಿದ ರೀತಿ ನಂಬಲರ್ಹವಲ್ಲ. ಪುಟದ ತಲೆಯಲ್ಲಿರುವ ಪದಗಳನ್ನು ನೋಡುತ್ತ, ಪುಸ್ತಕ ಮಗುಚಿದಂತೆ ಮಗುಚಿಯೇ ಹೋಗಬೇಕು. ಸೊನ್ನೆ ಇರುವ ಪದಗಳು ಆಯಾ ಅಕ್ಷರದ ಮೊದಲಲ್ಲೇ ಬಂದುಬಿಡುತ್ತವೆ ಎಂಬುದು ನೆನಪಿರಲಿ.

ಈಗ ಹೆಬ್ಬೆಟ್ಟು. ಹೆರ್ + ಬೆಟ್ಟು. ಹಳಗನ್ನಡದ ‘ಪೆರ್’ ಎಂದರೆ ಹಿರಿದು, ದೊಡ್ಡದು. ವ್ಯಂಜನದ ಮುಂದೆ ಅದು ‘ಪೆರ್’ ಆಗಿಯೇ ಇದ್ದು, ಸ್ವರದ ಮುಂದೆ ‘ಪೇರ್’ ಆಗುತ್ತದೆ. ಪಕಾರ ಹಕಾರವಾದ ಮೇಲೆ ರೇಫವು ಮುಂದಿನ ವ್ಯಂಜನದೊಳಗೆ ಕರಗಿ ಒತ್ತಕ್ಷರ ಹುಟ್ಟುತ್ತದೆ: ಪೆರ್ಮರ ಹೆಮ್ಮರವಾಯಿತು, ಪೆರ್ಬಾವು ಹೆಬ್ಬಾವಾಯಿತು. ಹೆಬ್ಬಾಗಿಲು, ಹೆಬ್ಬಂಡೆ, ಹೆದ್ದಾರಿ, ಹೆದ್ದೊರೆ ಎಲ್ಲ ಇದೇ ಮನೆಯವು. ಸ್ವರದ ಮುಂದಿನ ಮಾದರಿಗೆ ಹೇರಾನೆ ನೋಡಿ. ಈ ನಿಯಮ ಗೊತ್ತಿದ್ದರೆ ಕಿಟೆಲ್‌ನಲ್ಲಿ ‘ಹೆ’ ಪುಟದಿಂದ ‘ಪೆ’ ಪುಟಕ್ಕೆ ಹಾರುವುದು ಸಲೀಸು. ಗೊತ್ತಿಲ್ಲದಿದ್ದರೆ ಹಳೆಯ ಅರ್ಧ ಕಥೆ ಬೇರೆಲ್ಲೋ ಉಳಿದುಬಿಡುತ್ತದೆ.

ಎರಡನೆಯ ತುಂಡು ಇನ್ನೂ ಮೋಸದ್ದು. ಬೆಟ್ಟು ಎಂದು ತೆಗೆದರೆ ಬೆರಳು ಎಂಬ ಅರ್ಥವೂ ಸಿಗುತ್ತದೆ, ಎತ್ತರದ ನೆಲ ಎಂಬ ಅರ್ಥವೂ ಇದೆ. ಕರಾವಳಿಯಲ್ಲಿ ಬೈಲು, ಮಜಲು, ಬೆಟ್ಟು ಎಂದು ಗದ್ದೆಗಳನ್ನು ವಿಂಗಡಿಸುವಾಗಿನ ಬೆಟ್ಟು ಅದು, ಮಳೆನೀರನ್ನೇ ನಂಬಿದ ಮೇಲುಗದ್ದೆ. ಅದು ಬೆಟ್ಟದ ಕಡೆಯ ಪದ. ನಮಗೆ ಬೇಕಾದದ್ದು ಬೆರಳಿನ ಕಡೆಯದು, ಹೆಬ್ಬೆರಳು ಎಂಬ ಜೋಡಿರೂಪವೇ ಅದಕ್ಕೆ ಸಾಕ್ಷಿ. ಒಂದೇ ಕಾಗುಣಿತದ ಎರಡು ಪದಗಳನ್ನು ನಿಘಂಟು ಬೇರೆ ಬೇರೆ ನಮೂದಾಗಿ ಕೊಟ್ಟಿದ್ದರೆ ಎರಡನ್ನೂ ಪೂರ್ತಿ ಓದಬೇಕು. ಮೊದಲನೆಯದನ್ನೇ ನೋಡಿ ಪುಸ್ತಕ ಮುಚ್ಚಿದವರಿಂದಲೇ ‘ಬೆರಳುಗಳಲ್ಲಿ ಬೆಟ್ಟದಂತಿರುವುದು ಹೆಬ್ಬೆಟ್ಟು’ ಎಂಬಂಥ ಕಲ್ಪನೆಗಳು ಹುಟ್ಟುವುದು.

ಹೆಬ್ಬೆಟ್ಟು ಎಂದರೆ ಓದು ಬಾರದವನು ಎಂಬ ಅರ್ಥವನ್ನು ಕಿಟೆಲ್‌ನಲ್ಲಿ ಹುಡುಕುವ ಮುನ್ನ ಇಸವಿ ನೋಡಬೇಕು. ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಅಧಿಕಾರಿ ಗುತ್ತಿಗೆದಾರ ರಾಜ್ಯಧರ ಕೋನಾಯಿಯ ಅಂಗೈ ಗುರುತನ್ನು ಕರಾರುಪತ್ರದ ಮೇಲೆ ಒತ್ತಿಸಿಕೊಂಡದ್ದು 1858ರಲ್ಲಿ. ಕಲ್ಕತ್ತೆಯಲ್ಲಿ ಬೆರಳಚ್ಚಿನ ಬ್ಯೂರೊ ಶುರುವಾದದ್ದು 1897ರಲ್ಲಿ, ಅಜಿಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಅವರ ವರ್ಗೀಕರಣದ ಬಲದ ಮೇಲೆ. ಅದೇ 1897ರ ಜನರಲ್ ಕ್ಲಾಸಸ್ ಕಾಯಿದೆ, ಹೆಸರು ಬರೆಯಲಾರದವನ ಗುರುತನ್ನೂ ಸಹಿಯ ಲೆಕ್ಕಕ್ಕೆ ಸೇರಿಸಿತು. ಬೆರಳಚ್ಚು ಕಚೇರಿಯ ದಿನಬಳಕೆಗೆ ಬಂದ ಮೇಲೆ ಹಬ್ಬಿದ ಅರ್ಥ 1894ರ ಪುಸ್ತಕದಲ್ಲಿ ಇಲ್ಲದಿದ್ದರೆ ಅದನ್ನು ಕಿಟೆಲ್‌ರ ಲೋಪವೆನ್ನಲಾಗದು.

ನೋಂದಣಿ ಕಚೇರಿಯ ಹಳೆಯ ಪತ್ರವೊಂದರ ಕೊನೆಯ ಪುಟ ನೋಡಿದರೆ ಈ ಅರ್ಥ ಹೇಗೆ ಅಂಟಿತೆಂಬುದು ಕಣ್ಣಿಗೇ ಕಾಣುತ್ತದೆ. ನೀಲಿ ಅಥವಾ ಕಪ್ಪು ಶಾಯಿಯ ಉರುಟು ಗುರುತು. ಅದರ ಸುತ್ತ ಬೇರೆಯವರ ಕೈಬರಹದಲ್ಲಿ ಒತ್ತಿದವರ ಹೆಸರು ಮತ್ತು ‘ಎಡಗೈ ಹೆಬ್ಬೆಟ್ಟಿನ ಗುರುತು’ ಎಂಬ ಸಾಲು. ಕೆಳಗೆ ಸಾಕ್ಷಿಗಳ ರುಜು, ಬರೆದವನ ‘ಬಿಕ್ಕಲಂ’. ಕಲಂ ಎಂದರೆ ಲೇಖನಿ, ಪತ್ರ ಬರೆದ ಕೈ ಯಾರದೆಂದು ಹೇಳುವ ಪಾರಸಿ ಪದ ಅದು. ಹೆಸರನ್ನು ಸುತ್ತ ಬರೆದವನು ಒಬ್ಬ, ನಡುವೆ ಬೆರಳೊತ್ತಿದವನು ಇನ್ನೊಬ್ಬ. ಆ ನಡುವಿನವನಿಗೆ ಅವನ ಬೆರಳಿನ ಹೆಸರೇ ಅಂಟಿಕೊಂಡಿತು.

ಪರಿಷತ್ತಿನ 8 ಸಂಪುಟಗಳು

ಕನ್ನಡ ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟು ಚಾರಿತ್ರಿಕ ಕ್ರಮದ್ದು. ಶಾಸನಗಳಿಂದ ಹಿಡಿದು ಹೊಸಗನ್ನಡದವರೆಗೆ ಪದ ಎಲ್ಲೆಲ್ಲಿ, ಯಾವ ಅರ್ಥದಲ್ಲಿ ಬಂದಿದೆ ಎಂಬುದನ್ನು ಪ್ರಯೋಗಗಳ ಸಮೇತ ಕೊಡುತ್ತದೆ. ಕೆಲಸ ಶುರುವಾದದ್ದು 1940ರ ದಶಕದಲ್ಲಿ, ಎಂಟನೆಯ ಸಂಪುಟ ಬಂದದ್ದು 1995ರಲ್ಲಿ. ಸಂಪಾದನೆಯ ನೊಗ ಬಹುಕಾಲ ಹೊತ್ತವರು ಜಿ. ವೆಂಕಟಸುಬ್ಬಯ್ಯ.

ಅರ್ಥದ ಇತಿಹಾಸಕ್ಕೆ ಕನ್ನಡದಲ್ಲಿ ಇದಕ್ಕಿಂತ ಮೇಲಿನದು ಇಲ್ಲ. ಬಳಸುವ ಕ್ರಮ ಹೀಗಿರಲಿ: ನಮೂದಿನ ಅರ್ಥಸಂಖ್ಯೆಗಳನ್ನು ಮೊದಲು ಓದಿ, ಆಮೇಲೆ ಒಂದೊಂದರ ಕೆಳಗಿನ ಮೊದಲ ಪ್ರಯೋಗವನ್ನು ಮಾತ್ರ ನೋಡುತ್ತ ಹೋಗಿ. ಆಗ ಅರ್ಥ ಯಾವ ಕಾಲದಲ್ಲಿ ಕವಲೊಡೆಯಿತು ಎಂಬುದು ತಿಳಿಯುತ್ತದೆ. ಆಮೇಲೆ ಆವರಣದಲ್ಲಿರುವ ಮೂಲದ ಸೂಚನೆಗೆ ಬನ್ನಿ. ಮೊದಲೇ ಆವರಣ ನೋಡಿದರೆ ಮೂಲಾರ್ಥವೇ ಇವತ್ತಿನ ಅರ್ಥ ಎಂಬ ಭ್ರಮೆ ಹುಟ್ಟುತ್ತದೆ.

ಒಂದು ಅಂಶವನ್ನು ಕೊಳ್ಳುವವರು ಗಮನಿಸುವುದೇ ಇಲ್ಲ. ಅಕಾರ ಮೊದಲ ಸಂಪುಟದಲ್ಲಿ, ಹಕಾರ ಕೊನೆಯ ಸಂಪುಟದಲ್ಲಿ. ಮೊದಲ ಸಂಪುಟ ಮುಗಿದದ್ದು 1970ರಲ್ಲಿ. ಅಂದರೆ ಅನಕ್ಷರಸ್ಥ ಮತ್ತು ಹೆಬ್ಬೆಟ್ಟು ಒಂದೇ ಅರ್ಥದ ಪದಗಳಾದರೂ ಎರಡರ ನಮೂದುಗಳ ನಡುವೆ ಕಾಲು ಶತಮಾನದ ಅಂತರ. 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಶುರುವಾಗಿ, ನವಸಾಕ್ಷರ, ಸಾಕ್ಷರತಾ ಆಂದೋಲನದಂಥ ಪದಗಳು ಪತ್ರಿಕೆಗಳಲ್ಲಿ ದಿನವೂ ಓಡಾಡತೊಡಗಿದ್ದು ಈ ಅಂತರದ ನಡುವೆ. ಅಕಾರದ ಪದಕ್ಕೆ ಆ ಕಾಲದ ಪ್ರಯೋಗ ಮೊದಲ ಮುದ್ರಣದಲ್ಲಿ ಸಿಗಲು ಸಾಧ್ಯವೇ ಇಲ್ಲ. ಹಳೆಯ ಮುದ್ರಣದ ಬಿಡಿ ಸಂಪುಟ ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳುವವರು ಇಸವಿ ನೋಡಿಕೊಳ್ಳಲಿ.

ಮನೆಯಲ್ಲಿ ಎಂಟೂ ಸಂಪುಟ ಇಡಲು ಜಾಗವಿಲ್ಲದವರಿಗೆ ಪರಿಷತ್ತಿನದೇ ಸಂಕ್ಷಿಪ್ತ ಕನ್ನಡ ನಿಘಂಟು ಇದೆ. ಶಾಲೆಯ ಕೆಲಸಕ್ಕೆ ಸಾಕು. ಪ್ರಯೋಗಗಳ ಆ ವಿಸ್ತಾರ ಅದರಲ್ಲಿಲ್ಲ, ಹಾಗಾಗಿ ಹುಟ್ಟು ಹುಡುಕುವವರಿಗೆ ಅದು ಅರ್ಧ ಊಟ. ಒಳ್ಳೆಯ ಗ್ರಂಥಾಲಯದ ಆಕರ ವಿಭಾಗದಲ್ಲಿ ಎಂಟು ಸಂಪುಟಗಳೂ ಸಿಗುತ್ತವೆ.

ಓದು: ಷಿಕಾಗೊ ತಾಣ

ಬರೋ ಮತ್ತು ಎಮೆನೊ ಅವರ ದ್ರಾವಿಡ ವ್ಯುತ್ಪತ್ತಿ ಕೋಶ 1961ರದು, ಪರಿಷ್ಕೃತ ಆವೃತ್ತಿ 1984ರದು. ಷಿಕಾಗೊ ವಿಶ್ವವಿದ್ಯಾಲಯದ ದಕ್ಷಿಣ ಏಷ್ಯಾ ನಿಘಂಟುಗಳ ತಾಣದಲ್ಲಿ ಅದರ ಜೊತೆಗೆ ಮದ್ರಾಸು ವಿಶ್ವವಿದ್ಯಾಲಯದ ತಮಿಳು ಲೆಕ್ಸಿಕನ್, ಬ್ರೌನ್ ಅವರ ತೆಲುಗು ನಿಘಂಟು ಮುಂತಾದವೂ ಇವೆ.

ಇಲ್ಲಿ ಎಲ್ಲವೂ ರೋಮನ್ ಲಿಪಿಯಲ್ಲಿ, ಚಿಹ್ನೆಗಳ ಸಮೇತ. ದೀರ್ಘಕ್ಕೆ ಅಕ್ಷರದ ಮೇಲೆ ಅಡ್ಡಗೆರೆ, ಳಕಾರ–ಟಕಾರಗಳಿಗೆ ಕೆಳಗೆ ಚುಕ್ಕೆ, ಹಳಗನ್ನಡದ ಶಕಟರೇಫ (ಱ) ಮತ್ತು ರಳ (ೞ) ಅಕ್ಷರಗಳಿಗೆ ಕೆಳಗೆ ಗೆರೆ. ವಾಟ್ಸಾಪಿನಲ್ಲಿ ಬರೆಯುವ ಹಾಗೆ ಎರಡು ಓ ಹಾಕಿ ಓದು ಎಂದು ಹುಡುಕಿದರೆ ಸಿಗುವುದಿಲ್ಲ. ನಮೂದುಗಳು ಸಾಮಾನ್ಯವಾಗಿ ತಮಿಳು ರೂಪದಿಂದ ಶುರುವಾಗುತ್ತವೆ, ಆದ್ದರಿಂದ ಶೀರ್ಷಿಕೆಪದದಲ್ಲಿ ಹುಡುಕುವ ಬದಲು ಪೂರ್ಣಪಠ್ಯದಲ್ಲಿ ಹುಡುಕಬೇಕು.

ಇಷ್ಟು ಕಷ್ಟಪಟ್ಟರೆ ಫಲವಿದೆ. ತಮಿಳಿನ ಓದು ಎಂದರೆ ಪಠಿಸು, ಬಾಯಿಬಿಟ್ಟು ಹೇಳು. ಶಿವಾಲಯಗಳಲ್ಲಿ ತೇವಾರಂ ಹಾಡುವ ಓದುವಾರ್‌ಗಳ ಹೆಸರಲ್ಲಿ ಆ ಅರ್ಥ ಇವತ್ತಿಗೂ ಜೀವಂತ. ಅಂದರೆ ಓದು ಕೂಡ, ಅಕ್ಷರದಂತೆಯೇ, ಹಾಳೆಗಿಂತ ಮೊದಲು ಬಾಯಿಗೆ ಸೇರಿದ್ದು. ಇದನ್ನು ಮನಸ್ಸಿನಲ್ಲಿಟ್ಟುಕೊಂಡು 9ನೇ ಶತಮಾನದ ಕವಿರಾಜಮಾರ್ಗದ ‘ಕುಱಿತೋದದೆಯುಂ ಕಾವ್ಯಪ್ರಯೋಗಪರಿಣತಮತಿಗಳ್’ ಎಂಬ ಮಾತಿಗೆ ಹೋಗಿ. ಉದ್ದೇಶವಿಟ್ಟು ಓದದೆಯೂ ಕಾವ್ಯ ಬಲ್ಲವರು ಈ ನಾಡಿನವರು ಎಂಬ ಹೊಗಳಿಕೆ ಅದು. ಅದನ್ನು ‘ಅನಕ್ಷರಸ್ಥ ಕನ್ನಡಿಗರು’ ಎಂದು ಅನುವಾದಿಸುವುದು ಅವಸರದ ಕೆಲಸ. ‘ಕುಱಿತು’ ಎಂಬ ಪದ ಅಲ್ಲಿ ಸುಮ್ಮನೆ ಕೂತಿಲ್ಲ. ಗುರುವಿನ ಮುಂದೆ ಕೂತು ಶಾಸ್ತ್ರ ಪಾಠ ಮಾಡದವರು ಎಂಬುದಕ್ಕೂ ಅಕ್ಷರವೇ ಬಾರದವರು ಎಂಬುದಕ್ಕೂ ದೂರವಿದೆ.

ಅದೇ ತಾಣದ ತಮಿಳು ಲೆಕ್ಸಿಕನ್‌ನಲ್ಲಿ ‘ತಱ್ಕುಱಿ’ ನೋಡಿ. ತನ್ + ಕುಱಿ, ತನ್ನ ಗುರುತು. ಓದು ಬಾರದವನು ಸಹಿಯ ಬದಲು ಹಾಕುವ ಗುರುತು. ಮುಂದೆ ಅದು ಆ ಮನುಷ್ಯನಿಗೇ ಹೆಸರಾಯಿತು. ಹಿಂದಿಯ ‘ಅಂಗೂಠಾ ಛಾಪ್’ ಕೂಡ ಇದೇ ಜಾಡಿನದು. ಹಾಗಾಗಿ ನಮ್ಮ ಹೆಬ್ಬೆಟ್ಟು ಒಂಟಿಯಲ್ಲ.

ನಿಶಾನಿಯೂ ಗುರುತೇ, ಪಾರಸಿಯ ನಿಶಾನ್. ಮೈಸೂರು ದಸರೆಯ ನಿಶಾನೆ ಆನೆ ಬಾವುಟ ಹೊತ್ತು ನಡೆಯುವುದರಿಂದ ಆ ಹೆಸರು ಪಡೆದದ್ದು, ಪದ ಒಂದೇ. ಮರಾಠರ ಕಾಲದ ಮಹಜರುಗಳಲ್ಲಿ ಬೇಸಾಯಗಾರನ ಹೆಸರಿನ ಮುಂದೆ ‘ನಿಶಾಣಿ ನಾಂಗರ’ ಎಂದು ಬರೆದು ನೇಗಿಲಿನ ಚಿತ್ರ ಹಾಕುತ್ತಿದ್ದರು. ಅವನವನ ಕಸುಬಿನ ಹತ್ಯಾರವೇ ಅವನವನ ಸಹಿ. ಬೆರಳೊತ್ತುವ ಪದ್ಧತಿ ಬಂದು ಆ ನೇಗಿಲು ಮರೆಯಾಯಿತು. ಇಂಥ ವಿವರ ಕನ್ನಡದ ಯಾವ ಸಾಮಾನ್ಯ ನಿಘಂಟಿನಿಂದಲೂ ನಿರೀಕ್ಷಿಸುವಂತಿಲ್ಲ.

ಉಳಿದವು

ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ಭಾರತವಾಣಿ 2016ರಿಂದ ನಡೆಯುತ್ತಿದೆ. ಪಾರಿಭಾಷಿಕ ಪದಕೋಶಗಳಿಗೆ ಒಳ್ಳೆಯದು, ಶಿಕ್ಷಣ ಇಲಾಖೆಯ ವರದಿ ಅನುವಾದಿಸುವವರಿಗೆ ಬಹಳ ಉಪಯೋಗ. ಹುಟ್ಟು ಹುಡುಕಲು ಅಷ್ಟಾಗಿ ಬೇಡ. ರಾಜ್ಯ ಸರಕಾರದ ಪದಕಣಜ ಹಲವು ಕೋಶಗಳನ್ನು ಒಟ್ಟಿಗೆ ಜಾಲಾಡುತ್ತದೆ. ಫಲಿತಾಂಶ ಯಾವ ಕೋಶದಿಂದ ಬಂದದ್ದೆಂದು ನೋಡದೆ ಬಳಸಿದರೆ ಕಾನೂನಿನ ಪದ ಕಥೆಯೊಳಗೆ ಬಂದು ಕೂರುತ್ತದೆ.

ಇವೆಲ್ಲವುಗಳ ಮೇಲೂ ಇರುವ ಒಂದೇ ಆಕ್ಷೇಪ ಪ್ರಯೋಗಸೂಚನೆಯದು. ಜನಗಣತಿಯ ಲೆಕ್ಕದಲ್ಲಿ ಏಳು ವರ್ಷ ಮೇಲ್ಪಟ್ಟು, ಯಾವುದಾದರೂ ಒಂದು ಭಾಷೆಯನ್ನು ತಿಳಿದು ಓದಲೂ ಬರೆಯಲೂ ಬಲ್ಲವರು ಸಾಕ್ಷರರು. ಓದಲು ಬಂದು ಬರೆಯಲು ಬಾರದವರು ಆ ಪಟ್ಟಿಗೆ ಸೇರುವುದಿಲ್ಲ. 2011ರಲ್ಲಿ ಕರ್ನಾಟಕದ ಸಾಕ್ಷರತೆ ಶೇ 75.36, ಹೆಂಗಸರದು ಶೇ 68.08. ಈ ಲೆಕ್ಕದ ಅನಕ್ಷರಸ್ಥ ಒಂದು ಅಳತೆಯ ಪದ. ಅವಿದ್ಯಾವಂತ ಎಂಬುದು ಅಂಥ ಅಳತೆಯ ಪದವಲ್ಲ, ಶಾಲೆಯ ಮೆಟ್ಟಿಲು ಹತ್ತಿ ಹೆಸರು ಬರೆಯಲು ಕಲಿತು ಬಿಟ್ಟವರೂ ಅವಿದ್ಯಾವಂತರ ಸಾಲಿಗೆ ಬರುತ್ತಾರೆ. ನಿರಕ್ಷರಕುಕ್ಷಿ, ಹೆಬ್ಬೆಟ್ಟುಗಳು ಮುಖಕ್ಕೆ ಹೊಡೆಯುವ ಮಾತುಗಳು. ಈ ನಾಲ್ಕನ್ನೂ ಸಮಾನಾರ್ಥಕವೆಂದು ಒಂದೇ ಸಾಲಿನಲ್ಲಿ ಇಟ್ಟರೆ, ಕನ್ನಡ ಹೊಸದಾಗಿ ಕಲಿತವರು ಸಭೆಯಲ್ಲಿ ಎದ್ದು ನಿಂತು ಹಿರಿಯರನ್ನು ನಿರಕ್ಷರಕುಕ್ಷಿಗಳೆಂದು ಕರೆದರೂ ಆಶ್ಚರ್ಯವಿಲ್ಲ. ‘ನಿಂದಾರ್ಥಕ’ ಎಂಬ ಒಂದು ಪದದ ಟಿಪ್ಪಣಿ ಸಾಕಿತ್ತು.

ಇಂಗ್ಲಿಷಿನಿಂದ ಕನ್ನಡಕ್ಕೆ ಬರಬೇಕಾದವರಿಗೆ ಕೊನೆಯದಾಗಿ ಒಂದು ಉಪಾಯ. ಅಲರ್‌ನ ಇಡೀ ದತ್ತಾಂಶ ಮುಕ್ತ ಪರವಾನಗಿಯಲ್ಲಿ ಗಿಟ್‌ಹಬ್‌ನಲ್ಲಿ ಸಿಗುತ್ತದೆ. ಕಡತವನ್ನು ಇಳಿಸಿಕೊಂಡು ಯಾವುದಾದರೂ ಪಠ್ಯ ಸಂಪಾದಕದಲ್ಲಿ ತೆರೆದು ‘ಇಲ್ಲಿಟರೇಟ್’ ಎಂದು ಇಂಗ್ಲಿಷಿನಲ್ಲಿ ಹುಡುಕಿದರೆ, ಅರ್ಥವಿವರಣೆಯಲ್ಲಿ ಆ ಪದ ಬಂದಿರುವ ಕನ್ನಡ ನಮೂದುಗಳೆಲ್ಲ ಒಂದೊಂದಾಗಿ ಎದುರಾಗುತ್ತವೆ. ಕಡತ ದೊಡ್ಡದು, ಕಂಪ್ಯೂಟರಿನ ನೋಟ್‌ಪ್ಯಾಡ್ ತಿಣುಕುತ್ತದೆ, ಫೋನಿನಲ್ಲಿ ತೆರೆಯುವ ಸಾಹಸ ಬೇಡ. ‘ಅನ್‌ಲೆಟರ್ಡ್’, ‘ಅನ್‌ಎಜುಕೇಟೆಡ್’ ಎಂದೂ ಹುಡುಕಿ, ಇಲ್ಲದಿದ್ದರೆ ಪದಗಳು ತಪ್ಪಿಹೋಗುತ್ತವೆ. ಸಿಕ್ಕವನ್ನು ಬರೆದಿಟ್ಟುಕೊಂಡು ಒಂದೊಂದನ್ನೂ ಕಿಟೆಲ್‌ನಲ್ಲಿ ತೆಗೆಯಿರಿ. ಅಲ್ಲಿ ಕಾಣದವನ್ನು ಪರಿಷತ್ತಿನ ಸಂಪುಟಗಳಲ್ಲಿ ನೋಡಿ.